ಬೈಲಪ್ಪ ಹೇಳಿದ ಊಟಗಳು

ನಲ್ಲೂರಿನಿಂದ ಬೆಂಗಳೂರಿಗೆ ಹೋಗುವವರು ಯಾರೇ ಆಗಲಿ, ಕೋರ್ಟಿಗೋ ಆಸ್ಪತ್ರೆಗೋ ಮದುವೆಯ ಜವಳಿಗೋ, ಹೊರಡುವ ಮುಂಚೆ ಬೈಲಪ್ಪನ ಜಗಲಿಯ ಮೇಲೆ ಒಂದು ಗಳಿಗೆ ಕೂತು ಹೋಗುತ್ತಿದ್ದರು. ದಾರಿ ಕೇಳುವುದಕ್ಕಲ್ಲ, ದಾರಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಊಟ ಎಲ್ಲಿ ಮಾಡುವುದು ಎಂದು ಕೇಳುವುದಕ್ಕೆ.

ಪೇಟೆಯಲ್ಲಿ ಹೋಟೆಲುಗಳಿಗೇನೂ ಬರವಿರಲಿಲ್ಲ. ಒಂದೊಂದು ಜನದ್ದು ಒಂದೊಂದು ಹೋಟೆಲು. ಉಡುಪಿ ಕಡೆಯ ಭಟ್ಟರದು ತರಗುಪೇಟೆಯ ಹತ್ತಿರ, ಮರಾಠಿಯವರ ಮಿಲಿಟರಿ ಹೋಟೆಲು ಕೋಟೆಯ ಕಡೆ, ತಮಿಳಿನ ಮೊದಲಿಯಾರರದು ಹಲಸೂರಿನಲ್ಲಿ, ಬ್ರಿಟಿಷರ ದಂಡಿನ ಮಾರ್ಕೆಟ್ಟಿನ ಹಿಂದೆ ಬುಡನ್ ಸಾಬರದು. ಯುದ್ಧ ಮುಗಿದು ವರ್ಷವಾಗುತ್ತಾ ಬಂದಿದ್ದರೂ ಅಕ್ಕಿಗೆ ಇನ್ನೂ ರೇಷನ್ ಇತ್ತು. ಅನ್ನದಲ್ಲಿ ಏನು ಬೆರೆಸುತ್ತಾರೋ, ನಿನ್ನೆಯ ಸಾರಿಗೆ ಇವತ್ತಿನ ಒಗ್ಗರಣೆ ಹಾಕುತ್ತಾರೋ, ಒಳಗೆ ಕಾಲಿಟ್ಟರೆ ಕೂರಿಸುತ್ತಾರೋ ಕಳಿಸುತ್ತಾರೋ, ಹಳ್ಳಿಯಿಂದ ಹೋದವನಿಗೆ ತಿಳಿಯುವುದು ಹೇಗೆ? ಬೈಲಪ್ಪನಿಗೆ ತಿಳಿದಿತ್ತು. ಇಡ್ಲಿಗೆ ಭಟ್ಟರಲ್ಲಿಗೆ ಹೋಗಿ, ಆದರೆ ಬಿಸಿಲೇರಿದ ಮೇಲೆ ಬೇಡ ಎನ್ನುವನು. ಕಾಲಿನ ಸಾರು ಬೇಕಿದ್ದರೆ ಮಿಲಿಟರಿ ಹೋಟೆಲು, ಆದರೆ ಸಂತೆಯ ದಿನ ಅಲ್ಲಿ ಸಾರಿಗಿಂತ ನೀರು ಹೆಚ್ಚು ಎನ್ನುವನು. ಕಡಿಮೆ ಕಾಸಿಗೆ ಹೊಟ್ಟೆ ತುಂಬ ಊಟವೆಂದರೆ ಮೊದಲಿಯಾರರದು, ಎರಡನೇ ಸಲ ಕೇಳಿದರೂ ಮುಖ ಗಂಟು ಹಾಕುವುದಿಲ್ಲ ಎನ್ನುವನು. ಅವನು ಹೇಳಿದ್ದು ತಪ್ಪಿದ್ದಿಲ್ಲ. ಹೋಗಿ ಉಂಡು ಬಂದವರು ಬಾಯಿ ಚಪ್ಪರಿಸಿಕೊಂಡು ಮತ್ತೆ ಅದೇ ಜಗಲಿಗೆ ಬಂದು ವರದಿ ಒಪ್ಪಿಸುತ್ತಿದ್ದರು.

ಎದುರು ಮನೆಯ ಗೋಪಾಲಪ್ಪನಿಗೆ ಇದು ತಮಾಷೆ. "ನಿನ್ನ ಹೊಟ್ಟೇಲಿ ಅರ್ಧ ಬೆಂಗಳೂರು ಇದೆ ಕಣಯ್ಯ ಬೈಲಪ್ಪ. ಆದ್ರೂ ಹಿಂಗ್ಯಾಕೆ ಒಣಗಿಕೊಂಡಿದ್ದೀಯ?" ಎಂದು ಕೇಳುತ್ತಿದ್ದ. ಜಗಲಿಯಲ್ಲಿದ್ದವರು ನಗುತ್ತಿದ್ದರು. ಬೈಲಪ್ಪನೂ ನಗುತ್ತಿದ್ದ.

ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದೇ. ಆ ಹೋಟೆಲುಗಳಲ್ಲಿ ಒಂದರಲ್ಲೂ ಬೈಲಪ್ಪ ಕೂತು ಉಂಡವನಲ್ಲ.

ಅವನು ಹುಣಸೆಹಣ್ಣು ಮಾರುವವನು. ಊರ ಹುಣಸೆ ತೋಪಿಗೆ ಹೊಂದಿಕೊಂಡ ಅವನ ಹೊಲದ ಅಂಚಿನಲ್ಲಿ ಅಜ್ಜನ ಕಾಲದ ಮರಗಳಿದ್ದವು. ಮಾಗಿ ಕಳೆದು ಬಿಸಿಲು ಬಲಿತಾಗ ಹಣ್ಣು ಉದುರಿಸಿ ಮನೆಗೆ ತಂದರೆ, ಹೆಂಡತಿ ಸಪ್ಪಲಮ್ಮ ನಡುಮನೆಯಲ್ಲಿ ಕೂತು ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆದು, ಉಪ್ಪು ಹಾಕಿ ಮಡಕೆಗಳಲ್ಲಿ ಒತ್ತಿ ತುಂಬುತ್ತಿದ್ದಳು. ಆ ದಿನಗಳಲ್ಲಿ ಅವಳ ಬೆರಳ ತುದಿಗಳು ಬಿರಿದು, ಉಪ್ಪು ತಾಗಿ ಉರಿಯುತ್ತಿದ್ದವು. ಮಡಕೆಗಳನ್ನು ಮಂಕರಿಗಳಲ್ಲಿ ಹುಲ್ಲು ಹಾಸಿ ಕೂರಿಸಿ ಬೈಲಪ್ಪ ಗಾಡಿ ಕಟ್ಟುತ್ತಿದ್ದ. ಹೋಟೆಲುಗಳಿಗೆ ಸಾಮಾನು ಹೋಗುವುದು ಹಿಂದಿನ ಗಲ್ಲಿಯಿಂದ, ಅಡುಗೆಮನೆಯ ಬಾಗಿಲಿಗೆ. ಅಲ್ಲಿ ಹಣ್ಣು ತೂಗಿ ಸುರಿದುಕೊಳ್ಳುವ ತನಕ ಅವನು ಹೊಸಿಲಿನಾಚೆ ನಿಂತು ನೋಡುತ್ತಿದ್ದ. ಎಣ್ಣೆ ಯಾವಾಗ ಬದಲಾಯಿಸುತ್ತಾರೆ, ಬೇಳೆ ತೊಳೆಯುತ್ತಾರೋ ಇಲ್ಲವೋ, ಎಲ್ಲ ಕಾಣುತ್ತಿತ್ತು. ಹಣ್ಣು ಕೊಳ್ಳುವ ರೀತಿಯಲ್ಲೇ ಅರ್ಧ ತಿಳಿಯುತ್ತಿತ್ತು. ಬೀಜ ತೆಗೆದ ಹೊಸ ಹಣ್ಣೇ ಬೇಕು ಎನ್ನುವ ಅಡುಗೆಯವನ ಸಾರು ಕೆಡುವುದಿಲ್ಲ. ಕಪ್ಪಾದ ಹಳೆಯ ಹಣ್ಣು ಅಗ್ಗಕ್ಕೆ ಕೊಡು ಎನ್ನುವವನ ಹೋಟೆಲಿಗೆ ತನ್ನವರನ್ನು ಅವನು ಕಳಿಸುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಗಾಡಿಯ ನೆರಳಿನಲ್ಲಿ ಕೂತು, ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚುತ್ತಿದ್ದ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಕ್ಕಲು ಮನೆಯವನು ಅನ್ನವನ್ನು ಕಾಸು ಕೊಟ್ಟು ತಿನ್ನಬಾರದೆಂದು ಅವನ ತಾಯಿ ಅಮ್ಮಯಮ್ಮ ನಂಬಿದ್ದಳು. ಅದು ಒಂದು ಕಾರಣ. ಇನ್ನೊಂದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹರೆಯದಲ್ಲಿ ಮೊದಲ ಸಲ ಹೋದಾಗ ಧೈರ್ಯ ಮಾಡಿ ಒಂದು ಹೋಟೆಲಿನ ಮುಂಬಾಗಿಲಲ್ಲಿ ಕಾಲಿಟ್ಟಿದ್ದ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ತಲೆಯೆತ್ತಿ, ಯಾರಪ್ಪ ನೀನು ಎಂದು ಕೇಳಿದ. ಹೆದರಿಕೆಗೆ ಬಾಯಿಂದ "ಹುಣಸೇಹಣ್ಣು" ಎಂದು ಬಂತು. ಹಿಂದಿನಿಂದ ಬಾ ಎಂದು ಅವನು ಕೈ ತೋರಿಸಿದ. ಆಗ ತಿರುಗಿದವನು ಮತ್ತೆ ಯಾವ ಹೋಟೆಲಿನ ಮುಂಬಾಗಿಲನ್ನೂ ನೋಡಲಿಲ್ಲ.

ಹಾಗಿದ್ದವನು ಉಂಡೆ ಎಂದು ಹೇಳಲು ಶುರು ಮಾಡಿದ್ದು ಸಪ್ಪಲಮ್ಮನಿಗಾಗಿ.

ಸಪ್ಪಲಮ್ಮ ಅವನ ಅಕ್ಕನ ಮಗಳು. ಮದುವೆಯಾದ ಮೇಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಅವರ ಮೊದಲ ಮಗು ಹಾಲು ಕುಡಿಯುವ ವಯಸ್ಸಿನಲ್ಲೇ ಜ್ವರ ಬಂದು ತೀರಿಹೋಯಿತು. ಅಲ್ಲಿಂದ ಅವಳು ಊಟ ಬಿಟ್ಟಳು. ಅಳಲಿಲ್ಲ, ಯಾರ ಮೇಲೂ ಮುನಿಯಲಿಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದಳು, ಮುದ್ದೆ ಆರುತ್ತಿತ್ತು, ಎದ್ದು ಹೋಗುತ್ತಿದ್ದಳು. ಬೈದು ನೋಡಿದರು, ಹರಕೆ ಹೊತ್ತು ನೋಡಿದರು. ಅಂಥ ಒಂದು ಸಂಜೆ ಬೆಂಗಳೂರಿನಿಂದ ಬಂದ ಬೈಲಪ್ಪ ಅವಳ ಪಕ್ಕದಲ್ಲಿ ಕೂತು, ಏನು ಮಾತಾಡಬೇಕೋ ತಿಳಿಯದೆ, ಭಟ್ಟರ ಅಡುಗೆಮನೆಯಲ್ಲಿ ಕಂಡ ದೋಸೆಯ ಬಗ್ಗೆ ಹೇಳಿದ. ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಆಗುವ ಸದ್ದು, ಹಿಟ್ಟು ಹರಡಿದಾಗ ಅಂಚು ಎದ್ದು ಕೆಂಪಾಗುವುದು, ಬೆಣ್ಣೆ ಬೀಳುವುದು. ಎಲೆಯ ಮೇಲೆ ಹಾಕಿಕೊಟ್ಟರು, ತಿಂದೆ ಎಂದ. ಆ ಒಂದು ಮಾತು ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. ಅವಳು ಅವನ ಕಡೆ ತಿರುಗಿ, ಮೆತ್ತಗಿತ್ತಾ ಎಂದು ಕೇಳಿದಳು. ನಡುವೆ ಮೆತ್ತಗೆ, ಅಂಚಿನಲ್ಲಿ ಗರಿಗರಿ ಎಂದ. ಕೇಳುತ್ತಾ ಕೇಳುತ್ತಾ ಅವಳ ಕೈ ತಟ್ಟೆಗೆ ಹೋಯಿತು. ಒಂದು ತುತ್ತು ಮುರಿದು ಬಾಯಿಗಿಟ್ಟಳು.

ಮರುದಿನ ಇಲ್ಲದ ಚಟ್ನಿಯನ್ನು ಹೇಳಿದ. ಅದರ ಮರುದಿನ ಸಾಂಬಾರು.

ಆಮೇಲೆ ಒಂದು ಗಂಡು, ಒಂದು ಹೆಣ್ಣು ಹುಟ್ಟಿ ದೊಡ್ಡವಾದವು. ಹೇಳುವುದು ಮಾತ್ರ ನಿಲ್ಲಲಿಲ್ಲ. ಪೇಟೆಯಿಂದ ಬಂದ ಸಂಜೆ ಸಪ್ಪಲಮ್ಮ ಎತ್ತುಗಳಿಗೆ ನೀರು ಕುಡಿಸಿ, ಕೈತೊಳೆದು, ಈ ಸಲ ಎಲ್ಲಿ ಉಂಡೆ ಮಾವ ಎಂದು ಕೇಳುವುದು, ಅವನು ಹೇಳುವುದು, ಅವಳು ಉಣ್ಣುವುದು. ಜಗಲಿಯ ಜನ ಆ ಮಾತುಗಳನ್ನು ಕೇಳಿಸಿಕೊಂಡೇ ಅವನನ್ನು ಹೋಟೆಲು ಬಲ್ಲವನನ್ನಾಗಿ ಮಾಡಿದ್ದು. ದಂಡಿನ ಬುಡನ್ ಸಾಬರ ಹೋಟೆಲಿನ ವಿಷಯ ಬಂದಾಗ ಮಾತ್ರ ಅವನು ತಿಂದೆ ಎನ್ನುತ್ತಿರಲಿಲ್ಲ. ಹಿಂದೂ ಒಕ್ಕಲಿಗನು ಸಾಬರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವ ಪದ್ಧತಿ ಇರಲಿಲ್ಲ. ಹೇಳಿದರೆ ಊರು ಒಪ್ಪುತ್ತಲೂ ಇರಲಿಲ್ಲ. ಅಲ್ಲಿ ಬದನೆಕಾಯಿಗೆ ನಮ್ಮ ಹುಣಸೆ ಹಾಕಿ ಏನೋ ಮಾಡುತ್ತಾರೆ, ವಾಸನೆ ಗಲ್ಲಿಯ ಕೊನೆಯ ತನಕ ಬರುತ್ತದೆ, ಎತ್ತುಗಳೂ ಮೂಗು ಎತ್ತುತ್ತವೆ ಎಂದಷ್ಟೇ ಹೇಳುತ್ತಿದ್ದ.

ಆ ವರ್ಷ ಹಣ್ಣಿನ ಕಾಲದಲ್ಲಿ ಗೋಪಾಲಪ್ಪ ತನ್ನ ಹೆಂಡತಿ ಲಕ್ಷ್ಮೀದೇವಮ್ಮನನ್ನು ಕಣ್ಣಿನ ಆಸ್ಪತ್ರೆಗೆಂದು ಬೆಂಗಳೂರಿಗೆ ಕರೆದುಕೊಂಡು ಹೋದ. ಬೈಲಪ್ಪ ಹೇಳಿದ ಭಟ್ಟರ ಹೋಟೆಲಿನಲ್ಲಿ, ಹೆಂಗಸರಿಗೆಂದು ಮರದ ತಟ್ಟಿ ಕಟ್ಟಿದ್ದ ಕೋಣೆಯಲ್ಲಿ ಕೂತು ಇಬ್ಬರೂ ದೋಸೆ ತಿಂದು ಬಂದರು. ಬಾವಿಯ ಕಟ್ಟೆಯಲ್ಲಿ ಲಕ್ಷ್ಮೀದೇವಮ್ಮ ಅದನ್ನು ಎರಡು ದಿನ ಹೇಳಿದಳು. ಸಪ್ಪಲಮ್ಮ ಕೊಡ ತುಂಬಿಕೊಳ್ಳುತ್ತಾ ಕೇಳಿದಳು. ಮನೆಗೆ ಬಂದು ಮಡಕೆಗಳಿಗೆ ಬಟ್ಟೆ ಕಟ್ಟುತ್ತಿದ್ದ ಗಂಡನ ಪಕ್ಕ ನಿಂತುಕೊಂಡಳು.

"ಈ ಸಲ ನಾನೂ ಬರ್ತೀನಿ ಮಾವ."

ಬೈಲಪ್ಪ ಹುರಿಯ ಗಂಟನ್ನು ಮತ್ತೊಮ್ಮೆ ಬಿಗಿದ. ದಾರಿ ದೂರ, ಗಾಡಿ ಕುಲುಕುತ್ತದೆ ಎಂದ. ಗೊತ್ತು ಎಂದಳು. ಬಿಸಿಲು ಎಂದ. ಹೊಲದಲ್ಲೇನು ನೆರಳಿದೆಯಾ ಎಂದಳು.

"ಲಕ್ಷ್ಮೀದೇವಕ್ಕ ನಮ್ಮ ಹುಣಸೇಹಣ್ಣಿನ ಸಾಂಬಾರು ಕುಡ್ದು ಬಂದ್ಲು," ಎಂದಳು ಸಪ್ಪಲಮ್ಮ. "ನಾನು ಇಷ್ಟು ವರ್ಷ ಬಿಡಿಸಿದ್ದೀನಿ. ಒಂದ್ಸಲ ನೀನು ಕೂರೋ ಜಾಗದಲ್ಲಿ ಕೂತು ತಿಂತೀನಿ."

ಅವಳು ಮೈದುನಂದಿರ ಮದುವೆಗೂ ಹೊಸ ಸೀರೆ ಕೇಳಿದವಳಲ್ಲ. ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಬೆಂಗಳೂರಿಗೆ ಬಂದರೆ ಗುಟ್ಟು ಒಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಗುಟ್ಟಿನ ಜೊತೆ ಮಗು ಹೋದ ಆ ದಿನಗಳೂ ಒಡೆಯುತ್ತವೆ. ಅವಳನ್ನು ಬದುಕಿಗೆ ತಂದ ಮಾತೇ ಸುಳ್ಳು ಎಂದು ತಿಳಿದರೆ ಅವಳು ಮತ್ತೆ ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟರೆ? ಹೊರಡುವ ತನಕ ಅವನು ಇದನ್ನೇ ಯೋಚಿಸಿದ. ಕೊನೆಗೆ ಒಂದು ದಾರಿ ಕಂಡಿತು. ಹಣ್ಣನ್ನೆಲ್ಲ ಮಂಡಿಯಲ್ಲೇ ಇಳಿಸಿಬಿಡುವುದು, ಗಾಡಿಯನ್ನು ಅಲ್ಲೇ ಬಿಡುವುದು, ನೆಟ್ಟಗೆ ಭಟ್ಟರ ಹೋಟೆಲಿನ ಮುಂಬಾಗಿಲಿಗೆ ನಡೆದು ಹೋಗುವುದು. ಗೋಪಾಲಪ್ಪನಿಗೆ ಆದದ್ದು ತನಗೇಕೆ ಆಗಬಾರದು? ಬುತ್ತಿ ಕಟ್ಟುವುದು ಬೇಡ ಎಂದು ಅವನೇ ಹೇಳಿದ. ಸಪ್ಪಲಮ್ಮ ಅದಕ್ಕೆ ನಕ್ಕಳು.

ಮಧ್ಯಾಹ್ನ ಇಳಿದ ಮೇಲೆ ಹೊರಟ ಗಾಡಿ ದೇವನಹಳ್ಳಿ, ಯಲಹಂಕ ದಾಟಿ, ಬೆಳಗಾಗುವ ಹೊತ್ತಿಗೆ ಪೇಟೆ ಸೇರಿತು. ಸಪ್ಪಲಮ್ಮ ತಲೆಯ ಮೇಲೆ ಸೆರಗು ಹೊದ್ದು, ಹುಲ್ಲಿನ ಮೇಲೆ ನೆಟ್ಟಗೆ ಕೂತಿದ್ದಳು. ಅಂಗಡಿಗಳ ಬಾಗಿಲು ತೆರೆಯುವುದು, ಬೀದಿಗೆ ನೀರು ಹಾಕುವುದು, ಎಲ್ಲವನ್ನೂ ನೋಡುತ್ತಿದ್ದಳು. ಎಲ್ಲೋ ಒಗ್ಗರಣೆಯ ವಾಸನೆ ಬಂದಾಗ, ಇದು ಯಾರದು ಮಾವ ಎಂದು ಕೇಳಿದಳು. ಭಟ್ಟರದು ಎಂದ ಬೈಲಪ್ಪ. ಅಷ್ಟರಲ್ಲಿ ಗಾಡಿ ತಿರುಗಿತ್ತು.

ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಎತ್ತುಗಳನ್ನು. ವರ್ಷಗಟ್ಟಲೆ ನಡೆದ ಗಲ್ಲಿ ಅವಕ್ಕೆ ಗೊತ್ತಿತ್ತು. ಮಂಡಿಯ ಕಡೆಗೆ ಹಗ್ಗ ಎಳೆಯುವ ಮೊದಲೇ ಅವು ಎಡಕ್ಕೆ ಹೊರಳಿ, ಇಕ್ಕಟ್ಟಿನ ಗಲ್ಲಿಯೊಳಗೆ ನುಗ್ಗಿ, ಭಟ್ಟರ ಹೋಟೆಲಿನ ಹಿಂಬಾಗಿಲಿನ ಮುಂದೆ ಬಂದು ನಿಂತುಬಿಟ್ಟವು. ಅಲ್ಲಿ ಗಾಡಿ ತಿರುಗಿಸುವುದಕ್ಕೂ ಜಾಗವಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಪಾತ್ರೆ ತೊಳೆಸುತ್ತಿದ್ದ ಅಡುಗೆಯ ಭಟ್ಟರು ತಲೆಯೆತ್ತಿ ನೋಡಿ, ಸಂತೋಷದಿಂದ ಬಂದರು. ಹಣ್ಣು ಮುಗಿಯುತ್ತಾ ಬಂದಿತ್ತು, ಒಳ್ಳೆ ಸಮಯಕ್ಕೆ ಬಂದೆ ಎಂದರು. ಮಡಕೆ ಇಳಿಸಿಕೊಂಡರು. ಬೈಲಪ್ಪ ಬೇಗ ಬೇಗ ತೂಗಿಸಿದ. ಮಾತು ಬೆಳೆಯಬಾರದು ಎಂದು ಮುಖ ಕೊಡಲೇ ಇಲ್ಲ. ಆದರೆ ಭಟ್ಟರು ಮಾತಿನ ಮನುಷ್ಯರು. ಒಳಗೆ ಹೋಗಿ, ವಾಡಿಕೆಯಂತೆ ಒಂದು ತಂಬಿಗೆ ನೀರು ತಂದು ಗಾಡಿಯ ಚಕ್ರದ ಪಕ್ಕ ಇಟ್ಟರು.

"ಯಾಕೆ ಬೈಲಪ್ಪ, ಇವತ್ತು ಬುತ್ತಿ ಬಿಚ್ಚೋದಿಲ್ವಾ?"

ಭಟ್ಟರು ಆಗ ಗಾಡಿಯಲ್ಲಿದ್ದ ಹೆಂಗಸನ್ನು ನೋಡಿದರು. ಮನೆಯವರಾ ಎಂದು ಕೇಳಿ, ಅವಳ ಕಡೆಗೇ ತಿರುಗಿದರು. "ನೀವೇ ಹೇಳಿ ತಾಯಿ. ಎಷ್ಟು ಸಲ ಕರೆದಿದ್ದೀನಿ, ಒಂದು ದೋಸೆ ತಿನ್ನಯ್ಯ ಅಂತ. ಕಾಸೂ ಬೇಡ ಅಂದೆ. ಮುಟ್ಟೋದಿಲ್ಲ. ಮನೆ ರೊಟ್ಟೀನೇ ಆಗ್ಬೇಕು ಇವರಿಗೆ. ನೀವೇನು ಹಾಕಿ ತಟ್ತೀರೋ ಅದಕ್ಕೆ."

ಸಪ್ಪಲಮ್ಮ ಗಂಡನನ್ನು ನೋಡಿದಳು. ಅವನು ತಂಬಿಗೆಯನ್ನು ನೋಡುತ್ತಿದ್ದ. ಭಟ್ಟರು, ಇವತ್ತಾದರೂ ಇಬ್ಬರೂ ತಿಂದು ಹೋಗಿ, ಮುಂದಿನಿಂದ ಬನ್ನಿ, ಹೆಂಗಸರಿಗೆ ಕೋಣೆ ಇದೆ ಎಂದು ಕರೆದರು. ಸಪ್ಪಲಮ್ಮ ಮರ್ಯಾದೆಯಿಂದಲೇ, ಇನ್ನೊಂದು ಸಲ ಬರುತ್ತೇವೆ ಸ್ವಾಮಿ ಎಂದಳು. ಗಾಡಿಯಿಂದ ಬಗ್ಗಿ ತಂಬಿಗೆ ತೆಗೆದುಕೊಂಡು ನೀರನ್ನು ಮಾತ್ರ ಕುಡಿದಳು.

ಉಳಿದ ಹಣ್ಣನ್ನು ಮಂಡಿಯಲ್ಲಿ ಇಳಿಸಿದರು. ಬಿಸಿಲೇರಿತು. ಬೈಲಪ್ಪ ಹಗ್ಗ ಹಿಡಿದು ಗಾಡಿಯ ಮುಂದೆ ನಡೆಯುತ್ತಿದ್ದ. ಹತ್ತಿ ಅವಳ ಪಕ್ಕ ಕೂರಲು ಅವನಿಗೆ ಮನಸ್ಸು ಬರಲಿಲ್ಲ. ದಾರಿಯಲ್ಲಿ ಮಿಲಿಟರಿ ಹೋಟೆಲು ಬಂತು. ಮುಂದಿನಿಂದ ನೋಡಿದಾಗ ಅದೇ ಎಂದು ಅವನಿಗೆ ಗುರುತೇ ಸಿಕ್ಕಲಿಲ್ಲ. ದಾಟಿದ ಮೇಲೆ ವಾಸನೆಯಿಂದ ತಿಳಿಯಿತು. ಬರೀ ಗಂಡಸರು, ಬಾಗಿಲ ತನಕ. ಅವಳನ್ನು ಅಲ್ಲಿ ಕೂರಿಸುವುದು ಹೇಗೆ? ನಾಲ್ಕಾರು ಹೋಟೆಲುಗಳ ಬೋರ್ಡುಗಳ ಮುಂದೆ ಗಾಡಿ ನಿಧಾನವಾಯಿತು. ಊರಿಗೆಲ್ಲ ಊಟ ತೋರಿಸಿದವನು ಹಸಿದ ಹೆಂಡತಿಯನ್ನು ಕೂರಿಸಿಕೊಂಡು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ನಡೆಯುತ್ತಿದ್ದ.

ಅರಮನೆ ಮೈದಾನದ ಕಡೆ ಮರಗಳ ಸಾಲು ಬಂದಾಗ ಸಪ್ಪಲಮ್ಮ ಮಾತಾಡಿದಳು.

"ಮಗು ಹೋದಾಗ ಹೇಳಿದ್ಯಲ್ಲ ದೋಸೆ. ಅದೂನಾ?"

"ಅದೇ ಮೊದಲನೇದು," ಎಂದ ಬೈಲಪ್ಪ, ಹಿಂದಿರುಗಿ ನೋಡದೆ.

ಅವಳು ಅಳುತ್ತಿದ್ದಾಳೆಯೇ ಎಂದು ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ದಿನ ತಟ್ಟೆಯ ಕಡೆಗೆ ಹೋದ ಅವಳ ಕೈ ಅವನ ಕಣ್ಣಿಗೆ ಮತ್ತೆ ಕಂಡಿತು. ಬಿರಿದ ಬೆರಳುಗಳು, ಮುದ್ದೆ ಮುರಿದ ಎರಡು ಬೆರಳು.

"ನೀನು ಉಂಡೆ ಅಂತ ಹೇಳ್ತಿದ್ದಾಗ," ಎಂದಳು ಅವಳು, "ನಿಂಗೆ ಹಸಿವಾಗ್ತಿತ್ತಾ?"

ಈ ಪ್ರಶ್ನೆಯನ್ನು ಅವನು ಎದುರು ನೋಡಿರಲಿಲ್ಲ. "ಆಗ್ತಿತ್ತು," ಎಂದ.

"ಇಷ್ಟು ವರ್ಷದಲ್ಲಿ ನಿಜ ಹೇಳಿದ್ದು ಒಂದೂ ಇಲ್ವಾ ಮಾವ?"

ಅವನು ಯೋಚಿಸಿದ. ಒಂದೊಂದನ್ನೇ ನೆನೆದುಕೊಂಡು ಬಿಟ್ಟ. "ಬುಡನ್ ಸಾಬರ ಹೋಟೆಲು. ಅಲ್ಲಿ ತಿಂದೆ ಅಂತ ಯಾವತ್ತೂ ಹೇಳಿಲ್ಲ. ವಾಸನೆ ಅಂದೆ ಅಷ್ಟೆ."

"ಹಂಗಾದ್ರೆ ಅಲ್ಲಿಗೆ ನಡಿ."

ದಂಡಿನ ಮಾರ್ಕೆಟ್ಟಿನ ಹಿಂದೆ ಬುಡನ್ ಸಾಬರ ಹೋಟೆಲು ಮುಂದೆ ಒಂದು ಒಲೆ, ನಾಲ್ಕು ಬೆಂಚು, ಅಷ್ಟೆ. ಹಿಂದೆ ಅವರ ಮನೆ, ಮನೆಗೂ ಅಡುಗೆಗೂ ಒಂದೇ ಅಂಗಳ. ಅವರು ದೇವನಹಳ್ಳಿಯವರು, ನಲ್ಲೂರು ತೋಪಿನಲ್ಲಿ ಹುಡುಗುತನದಲ್ಲಿ ಹುಣಸೆಕಾಯಿಗೆ ಕಲ್ಲು ಹೊಡೆದವರು. ಗಾಡಿಯನ್ನು ಕಂಡು ಎದ್ದು ಬಂದರು. ಹೆಂಗಸು ಜೊತೆಗಿರುವುದನ್ನು ನೋಡಿ ದನಿ ತಗ್ಗಿಸಿ, ಬಾ ತಂಗಿ ಎಂದರು. ಬೈಲಪ್ಪ ಎತ್ತುಗಳ ನೊಗ ಬಿಚ್ಚುತ್ತಿರುವಾಗಲೇ ಸಪ್ಪಲಮ್ಮ ಇಳಿದು, ಬೆಳಗಿನಿಂದ ಏನೂ ತಿಂದಿಲ್ಲ ಸಾಬರೇ ಎಂದಳು.

ಬುಡನ್ ಸಾಬರು ಇಬ್ಬರ ಮುಖವನ್ನೂ ಒಂದು ಸಲ ನೋಡಿದರು. ಯಾಕೆ, ಏನು ಎಂದು ಕೇಳಲಿಲ್ಲ. ಒಲೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಪಕ್ಕದ ಸಂದಿಯಿಂದ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು.

ಹಿಂದೂ ಅತಿಥಿಗಳು ಬಂದಾಗ ಅವರ ಮನೆಯಲ್ಲಿ ಒಂದು ಕ್ರಮವಿತ್ತು. ತಂದೆಯ ಕಾಲದಿಂದ ನಡೆದು ಬಂದದ್ದು. ತಾವು ಬೇಯಿಸಿದ್ದನ್ನು ಬಡಿಸಿ ಬಂದವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಿರಲಿಲ್ಲ. ಹಾಗೆಂದು ಹಸಿವಿನಲ್ಲಿ ಕಳಿಸುತ್ತಲೂ ಇರಲಿಲ್ಲ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು, ಒಣ ಸೌದೆ, ಬಳಸದ ಹೊಸ ಮಡಕೆಗಳು ಯಾವಾಗಲೂ ಇರುತ್ತಿದ್ದವು. ಬಂದವರ ಮುಂದೆ ಪಡಿ ಇಟ್ಟು, ಬಾವಿ ತೋರಿಸಿ, ಮನೆಯವರು ಒಳಗೆ ಸರಿಯುತ್ತಿದ್ದರು. ಬಂದವರು ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಅಂದು ಬುಡನ್ ಸಾಬರು ಮೊರದಲ್ಲಿ ಅಕ್ಕಿ ತಂದರು, ರೇಷನ್ನಿನ ಕಾಲದಲ್ಲಿ ಅಕ್ಕಿ. ತೊಗರಿಬೇಳೆ, ಎಳೆಯ ಬದನೆಕಾಯಿ, ಎಣ್ಣೆ, ಉಪ್ಪು, ಖಾರ. ಒಂದು ಉಂಡೆ ಹುಣಸೆಹಣ್ಣು.

ಅದು ತಾನೇ ಒತ್ತಿ ಕಟ್ಟಿದ ಹಣ್ಣು ಎಂದು ಸಪ್ಪಲಮ್ಮನಿಗೆ ನೋಡಿದ ಕೂಡಲೇ ತಿಳಿಯಿತು. ಅವಳು ಮೊರವನ್ನೂ ಮಡಕೆಯನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲುಗಳನ್ನು ಸರಿಮಾಡಲು ಬಗ್ಗಿದಳು.

ಬೈಲಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಒಂದು ಸಲ ಬೇರೆಯವರ ಕೈಯಲ್ಲಿ ಬೆಂದದ್ದನ್ನು ಕೂತು ತಿನ್ನಲು ಇಷ್ಟು ದೂರ ಬಂದವಳ ಮುಂದೆ ಮತ್ತೆ ಒಲೆಯೇ ಬಂದಿತ್ತು.

"ನೀನು ಕೂತ್ಕೊ," ಎಂದ.

"ಯಾಕೆ?"

"ನಾನು ಮಾಡ್ತೀನಿ."

ಸಪ್ಪಲಮ್ಮ ಬಗ್ಗಿದ್ದವಳು ಹಾಗೇ ತಲೆ ಎತ್ತಿದಳು. "ನಿಂಗೇನು ಬರುತ್ತೆ ಮಾವ? ಹಾಲು ಕಾಯಿಸು ಅಂದ್ರೆ ಉಕ್ಕಿಸ್ತೀಯ."

"ನೋಡಿದ್ದೀನಿ."

"ನೋಡಿದ್ರೆ ಬಂದ್ಬಿಡುತ್ತಾ?"

"ಕೂತ್ಕೊ ಅಂದ್ನಲ್ಲ," ಎಂದ ಅವನು. ದನಿಯಲ್ಲಿ ಗದರಿಕೆ ಇರಲಿಲ್ಲ. ಅವಳು ಬಾವಿಯ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಳು. ಕೈಗಳಿಗೆ ಕೆಲಸವಿಲ್ಲದೆ, ಅವನ್ನು ಎಲ್ಲಿಡಬೇಕೆಂದು ತಿಳಿಯದೆ, ಮಡಿಲಲ್ಲಿ ಇಟ್ಟುಕೊಂಡಳು.

ಬೈಲಪ್ಪ ರುಮಾಲು ತೆಗೆದಿಟ್ಟ. ನೀರು ಸೇದಿದ. ಸೌದೆ ಹೊತ್ತಿಸುವಷ್ಟರಲ್ಲಿ ಅಂಗಳವೆಲ್ಲ ಹೊಗೆ. ಕಣ್ಣೊರೆಸಿಕೊಳ್ಳುತ್ತಾ ಅಕ್ಕಿ ತೊಳೆದು ಹಾಕಿದ. ಮೊದಲಿಯಾರರ ಅಡುಗೆಯವನು ಬೇಳೆಗೆ ಒಂದು ಹನಿ ಎಣ್ಣೆ ಬಿಡುತ್ತಿದ್ದದ್ದು ನೆನಪಾಯಿತು, ಬಿಟ್ಟ. ಮೆಣಸಿನಕಾಯಿಯನ್ನು ಮಿಲಿಟರಿ ಹೋಟೆಲಿನವರು ಹುರಿಯುವ ಹಾಗೆ ಕೆಂಡದ ಮೇಲೇ ಹುರಿಯಲು ಹೋಗಿ ಒಂದೆರಡನ್ನು ಸುಟ್ಟ. ಒಂದೊಂದು ಹಿಂಬಾಗಿಲಿನಿಂದ ಒಂದೊಂದು ನೆನಪಿತ್ತು. ಆದರೆ ಕಣ್ಣಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಬದನೆಕಾಯಿ ಹೋಳುಗಳು ಒಂದರಂತೆ ಒಂದಿರಲಿಲ್ಲ. ಮುಂದಿನಿಂದ ಬುಡನ್ ಸಾಬರು ಒಮ್ಮೆ ಇಣುಕಿ, ನಮ್ಮ ಹೋಟೆಲಿಗೇ ಸೇರಿಕೋ ಬೈಲಪ್ಪ, ಸಂಬಳ ಮಾತ್ರ ಕೇಳಬೇಡ ಎಂದು ಹೇಳಿ ಹೋದರು.

ಅವನು ಹುಣಸೆ ಕಿವುಚಿದ ನೀರನ್ನು ಮಡಕೆಗೆ ಹೊಯ್ಯಲು ಎತ್ತಿದಾಗ, ಮನೆಯ ಬಾಗಿಲಿಗೆ ತೂಗುಬಿಟ್ಟ ಗೋಣಿಯ ಪರದೆಯ ಹಿಂದಿನಿಂದ ಒಂದು ಹೆಣ್ಣುದನಿ ಬಂತು.

"ಆಗ್ಲೇ ಹುಯ್ಬೇಡ ಅಣ್ಣಾ. ಹುಳಿ ಬಿದ್ರೆ ಬದನೇಕಾಯಿ ಬೇಯೋದಿಲ್ಲ."

ಬುಡನ್ ಸಾಬರ ಹೆಂಡತಿ ಅನ್ವರ್ ಬೇಗಂ. ಗಂಡಸರ ಮುಂದೆ ಹೊರಗೆ ಬರುವವರಲ್ಲ. ಬೈಲಪ್ಪ ಅವರನ್ನು ಒಂದು ದಿನವೂ ನೋಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ. ಗಲ್ಲಿಯ ಕೊನೆಯ ತನಕ ಬರುತ್ತಿದ್ದ ವಾಸನೆ ಅವರ ಕೈಯದು. ಅವನು ಎತ್ತಿದ ಬಟ್ಟಲನ್ನು ಕೆಳಗಿಟ್ಟ. ಈಗ ಎಣ್ಣೆಯಲ್ಲಿ ಬಾಡಿಸು ಎಂದರು, ಬಾಡಿಸಿದ. ಇನ್ನೂ ಬೇಡ ಎಂದರು, ಕಾದ. ಪರದೆಯ ಅಂಚಿನಿಂದ ಬಳೆ ತೊಟ್ಟ ಒಂದು ಕೈ ಹೊರಗೆ ಬಂದು ಸಪ್ಪಲಮ್ಮನನ್ನು ಕರೆಯಿತು. ಅವಳು ಎದ್ದು ಹೋದಳು.

ಈ ಹಣ್ಣು ಬಿಡಿಸುವವಳು ನೀನೇನಾ ಎಂದು ಬೇಗಂ ಕೇಳುವುದು ಬೈಲಪ್ಪನಿಗೆ ಕೇಳಿಸಿತು. ಹೌದು ಎಂದಳು ಸಪ್ಪಲಮ್ಮ. ಇಷ್ಟು ವರ್ಷದಲ್ಲಿ ಒಂದು ಬೀಜ ಸಿಕ್ಕಿಲ್ಲ, ಯಾರ ಕೈಯಪ್ಪ ಇದು ಅಂದುಕೊಳ್ಳುತ್ತಿದ್ದೆ ಎಂದರು ಬೇಗಂ. ಆ ಬಳೆಯ ಕೈ ಇವಳ ಕೈಯನ್ನು ಹಿಡಿದು, ಬಿರಿದ ಬೆರಳುಗಳನ್ನು ತಿರುಗಿಸಿ ನೋಡಿತು. ಏನು ಮಾತಾಡಿಕೊಂಡರೋ, ಪರದೆಯ ಎರಡೂ ಕಡೆ ದನಿ ತಗ್ಗಿತು. ಒಂದು ಸಲ ಸಪ್ಪಲಮ್ಮ ನಕ್ಕದ್ದು ಕೇಳಿಸಿತು. ಬೈಲಪ್ಪ ಒಲೆಯ ಮೇಲೆ ಬಗ್ಗಿ, ಬೇಡದಿದ್ದರೂ ಬೆಂಕಿ ಊದಿದ.

"ಈಗ ಹುಯ್ಯಿ," ಎಂದರು ಬೇಗಂ. "ಅಷ್ಟೂ ಬೇಡ."

ಅಷ್ಟು ಹೊತ್ತಿಗೆ ಅವನು ಅಷ್ಟನ್ನೂ ಹೊಯ್ದಾಗಿತ್ತು.

ಮುತ್ತುಗದ ಎಲೆ ಹಾಸಿ, ನೀರು ಚಿಮುಕಿಸಿ, ಅನ್ನ ಬಡಿಸಿದ. ಅನ್ನ ಒಂದು ಕಡೆ ಮುದ್ದೆಯಾಗಿ ಒಂದು ಕಡೆ ಬಿಡಿಯಾಗಿತ್ತು. ನಡುವೆ ಗುಳಿ ಮಾಡಿ ಸಾರು ಹಾಕಿದ. ಸಪ್ಪಲಮ್ಮ ಬಂದು ಎಲೆಯ ಮುಂದೆ ಕೂತಳು. ಮಗು ಹೋದ ಆ ದಿನಗಳು ಬಿಟ್ಟರೆ ಅವಳು ಉಣ್ಣುವುದನ್ನು ಅವನು ಕಣ್ಣಿಟ್ಟು ನೋಡಿದ್ದೇ ಇಲ್ಲ. ಮನೆಯಲ್ಲಿ ಅವನು ಕೂತು ಹೇಳುತ್ತಿದ್ದ, ಅವಳು ಕತ್ತಲಲ್ಲಿ ಎಲ್ಲರದೂ ಆದಮೇಲೆ ಉಣ್ಣುತ್ತಿದ್ದಳು. ಈಗ ಹಗಲಿನಲ್ಲಿ, ಸೌಟು ಹಿಡಿದು, ಹೊಗೆಗೆ ಕೆಂಪಾದ ಕಣ್ಣುಗಳಿಂದ ಅವನು ಅವಳ ಕೈಯನ್ನೇ ನೋಡುತ್ತಿದ್ದ. ಆ ಕೈ ಎಲೆಯ ಮೇಲೆ ಸುಮ್ಮನೆ ಇತ್ತು.

"ಸುಳ್ಳು ಹೇಳಿದ್ದು ತಪ್ಪಾಯ್ತು," ಎಂದ ಬೈಲಪ್ಪ. "ಆವತ್ತು ನೀನು ಉಂಡ್ಯಲ್ಲ, ಆಮೇಲೆ ನಿಲ್ಸೋಕೆ ನಂಗೆ ಧೈರ್ಯ ಬರ್ಲಿಲ್ಲ."

ಸಪ್ಪಲಮ್ಮ ಅನ್ನಕ್ಕೆ ಸಾರು ಕಲೆಸಿದಳು. ಮೊದಲ ತುತ್ತು ಬಾಯಿಗಿಟ್ಟು ಬಹಳ ನಿಧಾನವಾಗಿ ಅಗಿದಳು. ಎರಡನೆಯದನ್ನು ಎತ್ತಿದಳು.

"ನಿಂತ್ಕೊಂಡೇ ಇರ್ತೀಯಾ?" ಎಂದಳು. "ಎಲೆ ಹಾಕ್ಕೊ."

"ನೀನು ಉಣ್ಣು. ಆಮೇಲೆ."

"ಹಸಿವಾಗ್ತಿತ್ತು ಅಂದ್ಯಲ್ಲ. ಹಾಕ್ಕೊ ಮಾವ."

ಅವನು ಇನ್ನೊಂದು ಎಲೆ ತಂದು ಅವಳ ಎದುರಿಗೆ ಹಾಸಿದ. ಎದುರಿಗೆ ಬೇಡ, ಹೊಗೆ ಬರುತ್ತದೆ, ಪಕ್ಕಕ್ಕೆ ಬಾ ಎಂದು ಅವಳು ಸರಿದಳು. ಇಬ್ಬರೂ ಬಾವಿಯ ಕಟ್ಟೆಗೆ ಒರಗಿ ಕೂತರು. ಅವಳು ಎಡಗೈಯಲ್ಲಿ ಸೌಟು ತೆಗೆದುಕೊಂಡು ಅವನಿಗೆ ಬಡಿಸಿದಳು. ಮುಂದಿನ ಹೋಟೆಲಿನಲ್ಲಿ ಬೆಂಚು ಎಳೆಯುವ ಸದ್ದು, ಯಾರೋ ಚಹಾ ಕೇಳುತ್ತಿದ್ದರು. ಪರದೆಯ ಹಿಂದೆ ಬೇಗಂ ಒಳಗೆ ಸರಿದುಹೋಗಿದ್ದರು.

ಬೈಲಪ್ಪ ಒಂದು ತುತ್ತು ತಿಂದು ನಿಲ್ಲಿಸಿದ. ಹುಳಿ ಮಿತಿಮೀರಿತ್ತು, ನಾಲಗೆಯ ಎರಡೂ ಅಂಚು ಜುಮ್ಮೆಂದವು. ಬದನೆಕಾಯಿಯ ದೊಡ್ಡ ಹೋಳುಗಳು ನಡುವೆ ಗಟ್ಟಿಯಾಗಿಯೇ ಇದ್ದವು. ನಾಚಿಕೆಯಿಂದ ಅವನು ಹೆಂಡತಿಯ ಕಡೆ ನೋಡಿದ.

ಸಪ್ಪಲಮ್ಮ ತನ್ನ ಎಲೆಗೆ ಇನ್ನೊಂದು ಸೌಟು ಹಾಕಿಕೊಳ್ಳುತ್ತಿದ್ದಳು.